ರಾತ್ರಿಯಿಡೀ ಆಟ, ಎಂಟು ಟ್ರ್ಯಾಕ್: ಯಾವ ವರ್ಶನ್, ಯಾಕೆ

ಯಕ್ಷಗಾನ ಬಯಲಾಟದ ಹಿಮ್ಮೇಳವನ್ನೂ (ಹಾಡು, ಚಂಡೆ, ಮದ್ದಳೆ) ರಂಗಸ್ಥಳದ ಮಾತನ್ನೂ ಬೇರೆ ಬೇರೆ ಎಂಟು ಟ್ರ್ಯಾಕ್‌ನಲ್ಲಿ, ಒಡ್ಡೋಲಗದಿಂದ ಮಂಗಳದವರೆಗೆ ಎಲ್ಲೂ ಕಡಿಯದಂತೆ ಹಿಡಿಯಲು ಹಳೇ ಲ್ಯಾಪ್‌ಟಾಪ್ ಸಾಲದು ಎಂದವರೇ ಹೆಚ್ಚು. ಹೊಸ ಯಂತ್ರ, ಸ್ಟುಡಿಯೋದವರ ದೊಡ್ಡ ಸಾಫ್ಟ್‌ವೇರ್, ಒಂದೂವರೆ ಲಕ್ಷ ಹಾಕದೆ ಆಗದು ಎಂಬುದು ಅವರ ಲೆಕ್ಕ. ಕಳೆದ ಎರಡು ತಿರುಗಾಟದಲ್ಲಿ (ಮೇಳ ಊರೂರು ಸುತ್ತಿ ಆಡುವ ಋತು) ಸುಮಾರು 40 ಆಟ ಹಿಡಿದಾಗಿದೆ, ಒಂದೂ ಪೂರ್ತಿ ಕೈತಪ್ಪಿಲ್ಲ. ಯಂತ್ರ ನಾಲ್ಕನೇ ತಲೆಮಾರಿನ ಐ5, 8 ಜಿಬಿ ರ್‍ಯಾಮ್. ಗೆದ್ದದ್ದು ಯಂತ್ರದಿಂದಲ್ಲ, ರೆಕಾರ್ಡಿಂಗ್ ಸಾಫ್ಟ್‌ವೇರಿನ ಸರಿಯಾದ ವರ್ಶನ್ ಆರಿಸಿ ಅದನ್ನು ಅಲ್ಲಾಡಿಸದೆ ಇಟ್ಟದ್ದರಿಂದ. ಮೈಕ್ ಎಲ್ಲಿ, ಗೇನ್ ಎಷ್ಟು ಎಂಬುದು ನಿಮಗೆಲ್ಲ ಗೊತ್ತಿರುವುದರಿಂದ ಅದನ್ನು ಬಿಡುತ್ತೇನೆ.

ಮೊದಲು ಗಡಿಯಾರದ ಲೆಕ್ಕ, ಯಾಕೆಂದರೆ ನಾನು ಸೋತದ್ದೆಲ್ಲ ಅಲ್ಲೇ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಮೊನೊ ಟ್ರ್ಯಾಕ್ ಸೆಕೆಂಡಿಗೆ 1,44,000 ಬೈಟ್ ತಿನ್ನುತ್ತದೆ. ಮಾಮೂಲಿ ವೇವ್ ಫೈಲ್ 4 ಜಿಬಿಗಿಂತ ದೊಡ್ಡದಾಗಲಾರದು, ಅದರ ಹೆಡರ್‌ನಲ್ಲಿ (ಫೈಲಿನ ಆರಂಭದ ವಿವರದ ಭಾಗ) ಗಾತ್ರ ಬರೆಯಲು ಇರುವ ಜಾಗವೇ 32 ಬಿಟ್. ಭಾಗಿಸಿ ನೋಡಿ: 8 ಗಂಟೆ 17 ನಿಮಿಷ. ರಾತ್ರಿ 9:30ಕ್ಕೆ ರೆಕಾರ್ಡ್ ಒತ್ತಿದರೆ ಬೆಳಗಿನ 5:47ಕ್ಕೆ ಫೈಲ್ ತುಂಬುತ್ತದೆ, ಪ್ರಸಂಗ ಮುಗಿತಾಯಕ್ಕೆ ಬಂದು ಚಂಡೆ ಏರಿ ನಿಂತ ಹೊತ್ತು. 2 ಜಿಬಿಗೇ ನಿಲ್ಲುವ ಹಳೇ ವರ್ಶನ್‌ಗಳೂ ಇವೆ, ಅವು ರಾತ್ರಿ 1:38ಕ್ಕೆ ಕೈಕೊಡುತ್ತವೆ. ಎಂಟೂ ಚಾನೆಲನ್ನು ಒಂದೇ ಫೈಲಿಗೆ ಬರೆಯುವ ಪಾಲಿವೇವ್ ಆದರಂತೂ ಒಂದು ಗಂಟೆ ಎರಡು ನಿಮಿಷಕ್ಕೇ 4 ಜಿಬಿ ಮುಗಿಯಿತು.

ಇದನ್ನೆಲ್ಲ ಲೆಕ್ಕ ಹಾಕಿಯೂ ಒಂದು ಆಟ ಬೆಳಗಿನ ಜಾವ 3:40ರ ಸುಮಾರಿಗೆ ನಿಂತಿತು. ಕಾರಣ ಹುಡುಕಲು ಎರಡು ದಿನ ಹಿಡಿಯಿತು. ಹೊಸ ವರ್ಶನ್ ಹಾಕಿದಾಗ ಹಳೇ ಸೆಟ್ಟಿಂಗ್ ಹೋಗಿ, ರೆಕಾರ್ಡಿಂಗ್ ಫಾರ್ಮ್ಯಾಟ್ 32 ಬಿಟ್ ಫ್ಲೋಟ್ (ಸ್ಯಾಂಪಲ್‌ಗೆ ಮೂರರ ಬದಲು ನಾಲ್ಕು ಬೈಟ್) ಆಗಿ ಕೂತಿತ್ತು. ಅದರಲ್ಲಿ 4 ಜಿಬಿ ಎಂದರೆ 6 ಗಂಟೆ 12 ನಿಮಿಷ ಮಾತ್ರ. ನಮ್ಮ ಇಂಟರ್‌ಫೇಸ್‌ನ (ಮೈಕುಗಳನ್ನು ಲ್ಯಾಪ್‌ಟಾಪಿಗೆ ಸೇರಿಸುವ ಡಬ್ಬಿ) ಕನ್ವರ್ಟರ್ 24 ಬಿಟ್‌ನದ್ದೇ, ಫ್ಲೋಟ್‌ನಲ್ಲಿ ಬರೆದರೆ ಫೈಲ್ ಮೂರನೇ ಒಂದು ಭಾಗ ದಪ್ಪವಾಗುತ್ತದೆಯೇ ಹೊರತು ಪ್ರೀಆ್ಯಂಪ್‌ನಲ್ಲಿ ಒಡೆದ ಚಂಡೆ ಪೆಟ್ಟು ವಾಪಸ್ ಬರುವುದಿಲ್ಲ. ವರ್ಶನ್ ಬದಲಿಸಿದ ದಿನ ಮೊದಲು ನೋಡಬೇಕಾದದ್ದು ಹೊಸ ಸೌಲಭ್ಯವನ್ನಲ್ಲ, ಫಾರ್ಮ್ಯಾಟ್ ಯಾವುದಕ್ಕೆ ಹೋಗಿ ಕೂತಿದೆ ಎಂಬುದನ್ನು.

ಸಾಫ್ಟ್‌ವೇರ್ ಆರಿಸುವಾಗ ಆಡಾಸಿಟಿಯಿಂದ ಶುರು ಮಾಡಿದೆ, ಉಚಿತವಾದ್ದರಿಂದ. ಎರಡು ಚಾನೆಲ್‌ಗೆ ಅದು ಧಾರಾಳ ಸಾಕು, ಇವತ್ತಿಗೂ ತಾಳಮದ್ದಳೆಯ ಸ್ಟೀರಿಯೋ ಅದರಲ್ಲೇ. ಆದರೆ 3ರ ಸಾಲಿನ ಸಿದ್ಧ ವಿಂಡೋಸ್ ವರ್ಶನ್‌ಗಳಲ್ಲಿ ಎಎಸ್‌ಐಒ (ಇಂಟರ್‌ಫೇಸ್‌ನ ಹಲವು ಇನ್‌ಪುಟ್ ಒಟ್ಟಿಗೆ ತಲುಪಿಸುವ ಡ್ರೈವರ್ ವ್ಯವಸ್ಥೆ) ಇಲ್ಲ, ಎಂಟು ಇನ್‌ಪುಟ್ ಒಟ್ಟಿಗೆ ತೆಗೆಯುವುದು ಭರವಸೆಯ ಕೆಲಸವಲ್ಲ. ಅದರಲ್ಲೂ ವರ್ಶನ್ ನೋಡಬೇಕು: 2021ರ ಮಾರ್ಚ್‌ನಲ್ಲಿ 3.0 ಬಂದಾಗ ಪ್ರಾಜೆಕ್ಟ್ ಎಯುಪಿ3 ಎಂಬ ಒಂದೇ ಫೈಲ್ ಆಯಿತು, 2.4.2ರಲ್ಲಿ ಅದು ತೆರೆಯುವುದಿಲ್ಲ. ಮನೆಯಲ್ಲಿ ಒಂದು, ಎಡಿಟ್ ಮಾಡುವವರ ಹತ್ತಿರ ಇನ್ನೊಂದು ಇದ್ದರೆ ಫೈಲ್ ಕೊಟ್ಟೂ ಕೊಡದ ಹಾಗೆ. ಪ್ರೊ ಟೂಲ್ಸ್ ಇಂಟ್ರೊ ಉಚಿತ, 8 ಆಡಿಯೊ ಟ್ರ್ಯಾಕ್ ಕೊಡುತ್ತದೆ. ನಮಗೆ ಬೇಕಾದ್ದೂ ಎಂಟೇ ಎನಿಸಬಹುದು, ಆದರೆ ತೆಂಕುತಿಟ್ಟಿನ ಚಕ್ರತಾಳಕ್ಕೆ ಒಂದು ಮೈಕ್ ಹೆಚ್ಚಿತೋ, ಅಲ್ಲಿಗೆ ಮುಗಿಯಿತು. ಇಂಟರ್‌ಫೇಸ್ ಡಬ್ಬಿಯ ಜೊತೆ ಬರುವ ಲೈಟ್ ವರ್ಶನ್‌ಗಳಲ್ಲಿ ಒಟ್ಟು ಟ್ರ್ಯಾಕ್ ಸಂಖ್ಯೆ ಬೇರೆ, ಒಟ್ಟಿಗೆ ರೆಕಾರ್ಡ್ ಆಗುವ ಇನ್‌ಪುಟ್ ಸಂಖ್ಯೆ ಬೇರೆ. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗುವುದು ಮೊದಲನೆಯದು, ನಮಗೆ ಬೇಕಾದದ್ದು ಎರಡನೆಯದು. ಕ್ರ್ಯಾಕ್ ಕಾಪಿಯ ಬಗ್ಗೆ ಒಂದೇ ಮಾತು: ಯಾವಾಗ ಆ್ಯಂಟಿವೈರಸ್ ಅದರ ಒಂದು ಫೈಲನ್ನು ಎತ್ತಿ ಹಾಕುತ್ತದೆಂದು ಹೇಳಲಾಗದ ಸಾಮಾನನ್ನು ಆಟದ ಗದ್ದೆಗೆ ಒಯ್ಯಬಾರದು.

ಕೊನೆಗೆ ನಿಂತದ್ದು ರೀಪರ್. 60 ದಿನ ಪೂರ್ತಿ ಸೌಲಭ್ಯದೊಂದಿಗೆ ಪರೀಕ್ಷಿಸಬಹುದು, ನಾನು ಅಷ್ಟೂ ದಿನ ಬಳಸಿದ ಮೇಲೇ ದುಡ್ಡು ಕೊಟ್ಟೆ. ಕಡಿಮೆ ದರದ ಲೈಸೆನ್ಸ್ 60 ಡಾಲರ್, ಬ್ಯಾಂಕಿನವರು ಹಿಡಿದದ್ದೂ ಸೇರಿ 5,200 ರೂಪಾಯಿಯ ಆಸುಪಾಸು. ವರ್ಷಕ್ಕೆ 20,000 ಡಾಲರ್ ಮೀರದ ಸಂಪಾದನೆಯವರಿಗೆ ಈ ದರ ಸಾಕು, ನಮ್ಮಲ್ಲಿ ಯಾರೂ ಅಲ್ಲಿಗೆ ಮುಟ್ಟುವುದಿಲ್ಲ. 6ರ ಸಾಲಿನಲ್ಲಿ ಕೊಂಡ ಲೈಸೆನ್ಸ್ 7.99ರವರೆಗೂ ನಡೆಯುತ್ತದೆ.

ವರ್ಶನ್ ಯಾವುದು? 7 ಬಂದದ್ದು 2023ರ ಅಕ್ಟೋಬರ್‌ನಲ್ಲಿ, ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತಿಗೇ. ನಾನು ಹಾಕಲಿಲ್ಲ. 6ರ ಸಾಲಿನ ಕೊನೆಯ 6.83ನ್ನು ಇಟ್ಟುಕೊಂಡೆ. ಒಂದು ಸಾಲಿನ ಕೊನೆಯ ವರ್ಶನ್‌ನಲ್ಲಿ ಆ ಸಾಲಿನ ದೋಷಗಳೆಲ್ಲ ತಿದ್ದಿ ಮುಗಿದಿರುತ್ತವೆ, ಹೊಸ ಸಾಲಿನ ಸೊನ್ನೆಯಲ್ಲಿ ಹೊಸ ದೋಷಗಳು ಹುಟ್ಟುತ್ತಿರುತ್ತವೆ. ತಿರುಗಾಟದ ನಡುವೆ ಅಪ್‌ಡೇಟ್ ಇಲ್ಲ, ಪತ್ತನಾಜೆ (ತಿರುಗಾಟ ಮುಗಿಯುವ ದಿನ) ಕಳೆದು ಮಳೆಗಾಲದಲ್ಲಿ ಮಾತ್ರ. ಇನ್‌ಸ್ಟಾಲ್ ಮಾಡುವಾಗ ಪೋರ್ಟಬಲ್ ಎಂದು ಆರಿಸಿದರೆ ಸಾಫ್ಟ್‌ವೇರೂ ಅದರ ಸೆಟ್ಟಿಂಗೂ ಒಂದೇ ಫೋಲ್ಡರಿನಲ್ಲಿ ಕೂರುತ್ತವೆ. 6.83 ಒಂದು ಫೋಲ್ಡರ್, 7 ಇನ್ನೊಂದು, ಒಂದರ ಸೆಟ್ಟಿಂಗ್ ಇನ್ನೊಂದಕ್ಕೆ ತಾಗುವುದಿಲ್ಲ. ಹೊಸದನ್ನು ಮನೆಯ ಅಭ್ಯಾಸಕ್ಕೆ ಬಳಸಿ, ಹಳೆಯದನ್ನು ಆಟಕ್ಕೆ ಒಯ್ಯುವುದು. 64 ಬಿಟ್ ವರ್ಶನ್ನೇ ಹಾಕಿ. ಹಳೇ 32 ಬಿಟ್ ಪ್ಲಗಿನ್‌ಗಳಿದ್ದರೆ ರೀಪರ್ ಅವನ್ನು ಬೇರೆಯಾಗಿ ಓಡಿಸಿಕೊಳ್ಳುತ್ತದೆ, ಅವುಗಳಿಗಾಗಿ 32 ಬಿಟ್‌ಗೆ ಇಳಿಯಬೇಕಿಲ್ಲ.

4 ಜಿಬಿ ಗೋಡೆ ದಾಟಲು ಎರಡು ದಾರಿ. ಒಂದು, ದೊಡ್ಡ ಫೈಲನ್ನು ಆರ್‌ಎಫ್64 ಅಥವಾ ಡಬ್ಲ್ಯೂ64 ಆಗಿ ಬರೆಸುವುದು. ಕೆಲಸ ನಡೆಯುತ್ತದೆ, ಆದರೆ ಮಿಕ್ಸ್ ಮಾಡುವವರ ಹಳೇ ಸಾಫ್ಟ್‌ವೇರ್ ತೆರೆಯದಿದ್ದರೆ ವಾಪಸ್ ಬರುತ್ತದೆ. ಇನ್ನೊಂದು, ಪ್ರಿಫರೆನ್ಸಸ್‌ನ ರೆಕಾರ್ಡಿಂಗ್ ಪುಟದಲ್ಲಿ ಇಂತಿಷ್ಟು ಮೆಗಾಬೈಟ್‌ಗೆ ಹೊಸ ಫೈಲ್ ಶುರು ಮಾಡು ಎಂಬ ಆಯ್ಕೆ. ಅಲ್ಲಿ 1024 ಹಾಕಿದ್ದೇನೆ. ಎರಡು ಗಂಟೆ ನಾಲ್ಕು ನಿಮಿಷಕ್ಕೊಂದು ಫೈಲ್, 9 ಗಂಟೆಯ ಆಟಕ್ಕೆ ಟ್ರ್ಯಾಕಿಗೆ ಐದರಂತೆ ನಲವತ್ತು ಫೈಲ್, ಒಟ್ಟು 37 ಜಿಬಿ. ಒಂದು ಕೆಟ್ಟರೂ ಉಳಿದವು ಉಳಿಯುತ್ತವೆ. ಸೇರುವ ಕಡೆ ಭಾಗವತರ ಆಲಾಪನೆ ಬಂದಿದ್ದಲ್ಲೂ ಹೆಡ್‌ಫೋನ್ ಹಾಕಿ ಕೇಳಿದ್ದೇನೆ, ಗೆರೆ ಗೊತ್ತಾಗುವುದಿಲ್ಲ.

ವರ್ಶನ್ ಎಂದರೆ ಸಾಫ್ಟ್‌ವೇರ್ ಒಂದರದ್ದೇ ಅಲ್ಲ. ಮೊದಲು ಇಂಟರ್‌ಫೇಸ್‌ನ ಡ್ರೈವರ್, ಆ ಡ್ರೈವರ್ ಒಪ್ಪುವ ವಿಂಡೋಸ್, ಆಮೇಲೆ ರೆಕಾರ್ಡಿಂಗ್ ಸಾಫ್ಟ್‌ವೇರ್, ಈ ಕ್ರಮ ತಪ್ಪಿದರೆ ತೊಂದರೆ. ನನ್ನ ಇಂಟರ್‌ಫೇಸ್‌ಗೆ ಹೊಸ ಡ್ರೈವರ್ ಹಾಕಿದ ವಾರ ಗಂಟೆಗೆ ಎರಡು ಮೂರು ಕಡೆ ಟಿಕ್ ಎನ್ನತೊಡಗಿತು. ಹಳೇ ಡ್ರೈವರಿನ ಇನ್‌ಸ್ಟಾಲರ್ ಪೆನ್‌ಡ್ರೈವ್‌ನಲ್ಲಿ ಇದ್ದದ್ದರಿಂದ ಬಚಾವ್. ಈ ಯಂತ್ರ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್‌ಗೆ ಮುಗಿದಿದೆ. ಹಾಗಾಗಿ ಇದಕ್ಕೆ ಇಂಟರ್‌ನೆಟ್ಟೇ ಕೊಡುವುದಿಲ್ಲ. ವೈಫೈ, ಬ್ಲೂಟೂತ್ ಎರಡನ್ನೂ ಡಿವೈಸ್ ಮ್ಯಾನೇಜರ್‌ನಲ್ಲೇ ನಿಲ್ಲಿಸಿದ್ದೇನೆ. ಡ್ರೈವರುಗಳ ತಡ ಅಳೆಯುವ ಲೇಟೆನ್ಸಿಮಾನ್ ಓಡಿಸಿ ನೋಡಿದಾಗ ಕೆಂಪು ಬರಿಸುತ್ತಿದ್ದದ್ದು ವೈಫೈ ಡ್ರೈವರೇ. ಪವರ್ ಆಯ್ಕೆಯಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ಯುಎಸ್‌ಬಿಯನ್ನು ನಿದ್ದೆಗೆ ಕಳಿಸುವ ಆಯ್ಕೆ) ಬಂದ್. ಬಫರ್ (ಸದ್ದನ್ನು ಒಮ್ಮೆಗೆ ಕೂಡಿಡುವ ಪ್ರಮಾಣ) 1024 ಸ್ಯಾಂಪಲ್. ಲ್ಯಾಪ್‌ಟಾಪ್ ಮೂಲಕ ಯಾರೂ ಕೇಳುತ್ತಿಲ್ಲವಾದ್ದರಿಂದ 21 ಮಿಲಿಸೆಕೆಂಡ್ ತಡವಾದರೆ ಏನೂ ನಷ್ಟವಿಲ್ಲ. 128 ಇಟ್ಟು ಕಷ್ಟಪಡುವವರನ್ನು ನೋಡಿದ್ದೇನೆ, ಆ ಅಂಕಿ ಸ್ಟುಡಿಯೋದಲ್ಲಿ ಹೆಡ್‌ಫೋನ್ ಹಾಕಿ ಹಾಡುವವರಿಗೆ ಬೇಕಾದದ್ದು. ಟೆಂಪ್ಲೇಟ್‌ನಲ್ಲಿ ಇನ್ನೊಂದು ಸೆಟ್ಟಿಂಗ್ ಇದೆ, ಚಂಡೆಯ ಟ್ರ್ಯಾಕಿಗೆ ಮಾಡಿಕೊಂಡ ಪ್ಲಗಿನ್ ಸಾಲೂ ಇದೆ. ಅವೆರಡು ನನ್ನ ಹತ್ತಿರವೇ ಇರಲಿ.

ಖರ್ಚು ನೆನಪಿನಿಂದ: ಹಳೇ ಲ್ಯಾಪ್‌ಟಾಪ್ 14,000, ಅದಕ್ಕೆ 500 ಜಿಬಿ ಎಸ್‌ಎಸ್‌ಡಿ 3,000ದ ಮೇಲೆ, ಲೈಸೆನ್ಸ್ 5,200. ಇಂಟರ್‌ಫೇಸ್ ಮೊದಲೇ ಇತ್ತು. ಇದಕ್ಕೂ ಮುಂಚೆ ಒಂದು ಸಾಫ್ಟ್‌ವೇರಿನ ವಾರ್ಷಿಕ ಚಂದಾಕ್ಕೆ ಕೊಟ್ಟ ದುಡ್ಡು ಇದೆಲ್ಲದರ ಅರ್ಧದಷ್ಟು, ಅದರಲ್ಲಿ ಹಿಡಿದದ್ದು ಮೂರೇ ಆಟ.

ನಡುವೆ ಒಂದೆರಡು ಪ್ರಯೋಗ. 96 ಕಿಲೋಹರ್ಟ್ಸ್‌ನಲ್ಲಿ ಒಂದು ಆಟ ಹಿಡಿದೆ: 75 ಜಿಬಿ ಆಯಿತು, ಮದ್ದಳೆಯಲ್ಲಿ ವ್ಯತ್ಯಾಸ ಗುರುತಿಸಿದವರು ಯಾರೂ ಇಲ್ಲ. ನೇರವಾಗಿ ಫ್ಲ್ಯಾಕ್‌ನಲ್ಲಿ (ಸದ್ದು ಕೆಡದಂತೆ ಗಾತ್ರ ಕುಗ್ಗಿಸುವ ಫಾರ್ಮ್ಯಾಟ್) ಬರೆಸಿದಾಗ ಗಾತ್ರ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು, ಪ್ರೊಸೆಸರಿಗೂ ಭಾರವಾಗಲಿಲ್ಲ. ಆದರೂ ಕೈಬಿಟ್ಟೆ, ಅರ್ಧಕ್ಕೆ ನಿಂತ ವೇವ್ ಫೈಲನ್ನು ಕೈಯಾರೆ ಎಬ್ಬಿಸುವಷ್ಟು ಸುಲಭವಾಗಿ ಫ್ಲ್ಯಾಕ್ ಎಬ್ಬಿಸಲಾಗದು.

ಆ ಎಬ್ಬಿಸುವ ಕೆಲಸ ಹೀಗೆ. ಜನರೇಟರ್ ಬದಲಿಸುವಾಗ ಕರೆಂಟ್ ಹೋಗುತ್ತದೆ, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಉಳಿದರೂ ಇಂಟರ್‌ಫೇಸ್ ಸಾಯುತ್ತದೆ, ಒಮ್ಮೊಮ್ಮೆ ಸಾಫ್ಟ್‌ವೇರೂ ಹೆಪ್ಪುಗಟ್ಟುತ್ತದೆ. (ಇಂಟರ್‌ಫೇಸ್ 12 ವೋಲ್ಟಿನದ್ದಾದರೆ ರೂಟರಿಗೆ ಹಾಕುವ ಚಿಕ್ಕ ಯುಪಿಎಸ್ ಸಾಕು. ಪಿನ್ನಿನ ಪ್ಲಸ್ ಮೈನಸ್ಸೂ ಆ್ಯಂಪಿಯರೂ ನೋಡಿಯೇ ಸಿಕ್ಕಿಸಿ.) ಕೊನೆಯ ಫೈಲಿನ ಹೆಡರ್ ಪೂರ್ಣವಾಗದೆ ಉಳಿದರೆ ಸೊನ್ನೆ ನಿಮಿಷದ ಫೈಲ್ ಎಂದು ತೋರಿಸುತ್ತದೆ, ಆದರೆ ಫೋಲ್ಡರಿನಲ್ಲಿ ಅದರ ಗಾತ್ರ ನೂರಾರು ಮೆಗಾಬೈಟ್ ಇರುತ್ತದೆ. ಅಳಿಸಬೇಡಿ. ಆಡಾಸಿಟಿಯಲ್ಲಿ ಇಂಪೋರ್ಟ್, ರಾ ಡೇಟಾ ಎಂದು ತೆರೆದು ಸೈನ್ಡ್ 24 ಬಿಟ್, ಲಿಟಲ್ ಎಂಡಿಯನ್, ಮೊನೊ, 48000, ಆರಂಭದ ಆಫ್‌ಸೆಟ್ 44 ಕೊಡಿ. ಬರೀ ಭುಸ್ ಎಂಬ ಸದ್ದು ಬಂದರೆ ಬೈಟ್ ಜೋಡಣೆ ತಪ್ಪಿದೆ ಎಂದರ್ಥ. ಒಂದು ಸ್ಯಾಂಪಲ್‌ಗೆ ಮೂರು ಬೈಟ್ ಆದ್ದರಿಂದ 45, 46 ಹಾಕಿ ನೋಡಿ, ಮೂರರಲ್ಲಿ ಒಂದಕ್ಕೆ ಪದ ಸ್ವಚ್ಛವಾಗಿ ಕೇಳುತ್ತದೆ. ಹೆಡರ್ ಉದ್ದವಿದ್ದರೆ ಆರಂಭದಲ್ಲಿ ಚೂರು ಕರಕರ ಇರುತ್ತದೆ, ಕತ್ತರಿಸಿದರಾಯಿತು.

ಸ್ಟುಡಿಯೋಗೆ ಪ್ರಾಜೆಕ್ಟ್ ಫೈಲ್ ಕೊಡಬೇಡಿ, ಅವರ ವರ್ಶನ್ ನಿಮ್ಮದಾಗಿರುವುದಿಲ್ಲ. ಎಂಟು ಟ್ರ್ಯಾಕನ್ನೂ ಒಂದೇ ಬಿಂದುವಿನಿಂದ ಕತ್ತರಿಸಿ, ಎರಡೆರಡು ಗಂಟೆಯ ಮಾಮೂಲಿ ವೇವ್ ಆಗಿ, 24 ಬಿಟ್‌ನಲ್ಲೇ ಕೊಡಿ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ. ಚಂಡೆ, ಮದ್ದಳೆ ಎಂದು ಕನ್ನಡದಲ್ಲಿ ಬರೆದು ಕೊಟ್ಟಾಗ ಹಳೇ ವರ್ಶನ್‌ನಲ್ಲಿ ಬರೀ ಚೌಕಗಳು ಕಂಡು, ಯಾವುದು ಯಾವುದೆಂದು ಪ್ರತಿಯೊಂದನ್ನೂ ಕೇಳಿ ಗುರುತಿಸಬೇಕಾಯಿತು.