ಕೈಟ್‌ಸರ್ಫಿಂಗ್ ಹೇಳಿಕೊಡೋಕೆ ಟ್ರೇನರ್ ಕೈಟ್ ತಗೋತಿದ್ದೀರಾ? ಮೊದ್ಲು ಬಾರ್ ಕೈಬಿಟ್ಟು ನೋಡಿ

ಕೈಟ್‌ಸರ್ಫಿಂಗ್ ಅಂದ್ರೆ ದೊಡ್ಡ ಗಾಳಿಪಟದ ಎಳೆತದಲ್ಲಿ ಹಲಗೆ ಮೇಲೆ ನಿಂತು ನೀರಲ್ಲಿ ಜಾರೋ ಆಟ, ಅದಕ್ಕೆ ಮೊದ್ಲು ದಡದಲ್ಲಿ ಹಾರಿಸಿ ಕಲಿಯೋ ಚಿಕ್ಕ ಗಾಳಿಪಟಾನೇ ಟ್ರೇನರ್ ಕೈಟ್. ಅದನ್ನ ತಗೋಬೇಕು ಅಂದ ತಕ್ಷಣ ಎಲ್ರೂ ಕೇಳೋದು ಸೈಜ್ ಎಷ್ಟು, ಬ್ರಾಂಡ್ ಯಾವ್ದು ಅಂತ. ನೀವೊಬ್ರೇ ಹಾರಿಸೋಕಾದ್ರೆ ಸರಿ, ಆದ್ರೆ ಬೇರೆಯವ್ರಿಗೆ ಹೇಳಿಕೊಡೋಕೆ ಅಂತಾದ್ರೆ ಮೊದ್ಲು ನೋಡ್ಬೇಕಾಗಿರೋದು, ಕಲಿಯೋರು ಬಾರ್, ಅಂದ್ರೆ ಕೈಟ್ ತಿರುಗಿಸೋಕೆ ಎರಡೂ ಕೈಲಿ ಹಿಡಿಯೋ ಕೋಲು, ಕೈಬಿಟ್ರೆ ಆ ಕೈಟ್ ಏನ್ಮಾಡುತ್ತೆ ಅನ್ನೋದು. ಹೊಸಬ್ರು ಗಾಬರಿಯಾದ್ರೆ ಬಿಡೋದೇ ಇಲ್ಲ, ಇನ್ನೂ ಗಟ್ಟಿಯಾಗಿ ಹಿಡ್ಕೊಂಡು ಎದೆ ಕಡೆ ಎಳ್ಕೋತಾರೆ, ಅದಕ್ಕೇ ಬಿಟ್ರೆ ಕೈಟ್ ಸುಮ್ಮನಾಗುತ್ತೆ ಅನ್ನೋ ನಂಬಿಕೆ ಕೂತ್ಕೊಳ್ಳೋವರೆಗೂ ಅವ್ರನ್ನ ನೀರಿಗೆ ಇಳಿಸ್ಬಾರ್ದು.

ಆನ್‌ಲೈನಲ್ಲಿ ಅಗ್ಗಕ್ಕೆ ಸಿಗೋದು ಹೆಚ್ಚಾಗಿ ಎರಡು ಲೈನಿಂದು (ಲೈನ್ ಅಂದ್ರೆ ಕೈಟಿನ ದಾರ), ಎರಡೂ ಕೈಗೆ ಒಂದೊಂದು ಪಟ್ಟಿ ಹಾಕ್ಕೊಳ್ಳೋ ಥರದ್ದು. ಮಕ್ಳ ಆಟಕ್ಕೆ ಚೆನ್ನಾಗಿದೆ, ಪಾಠಕ್ಕೆ ಬೇಡ. ಪಟ್ಟಿ ಮಣಿಕಟ್ಟಿಗೆ ಸಿಕ್ಕೊಂಡಿರುತ್ತೆ, ಬೆರಳು ಬಿಟ್ರೂ ಎರಡೂ ಲೈನ್ ಬಿಗಿಯಾಗೇ ಇರುತ್ತೆ, ಕೈಟ್ ಎಳೀತಾನೇ ಇರುತ್ತೆ. ನಿಮಗೆ ಬೇಕಾಗಿರೋದು ಬಾರ್ ಇರೋ ಮೂರು ಲೈನಿನ ಕೈಟ್. ಮೂರನೇ ಲೈನ್ ಬಾರ್ ಮಧ್ಯದಿಂದ ಬಂದು ಮಣಿಕಟ್ಟಿಗೆ ಕಟ್ಕೊಳ್ಳೋ ಲೀಶ್ ಅನ್ನೋ ಪಟ್ಟಿಗೆ ಸೇರಿರುತ್ತೆ, ಆ ಕಡೆ ತುದಿ ಕೈಟಿನ ಹಿಂದಿನ ಅಂಚಿಗೆ. ಬಾರ್ ಬಿಟ್ರೆ ಎಳೆತ ಎಲ್ಲಾ ಆ ಮೂರನೇ ಲೈನಿಗೆ ಹೋಗಿ ಕೈಟ್ ಮಡಚಿಕೊಂಡು ಕೆಳಗೆ ಬೀಳುತ್ತೆ. ಮೂತಿ ಕೆಳಗಾಗಿ ಬಿದ್ದಾಗ್ಲೂ ಅದೇ ಲೈನ್ ಎಳೆದ್ರೆ ಹಿಂದಕ್ಕೆ ಎದ್ದು ತಿರುಗಿ ಹಾರುತ್ತೆ, ಇಲ್ಲಾಂದ್ರೆ ಪ್ರತಿ ಸಲ ನೀವೇ ಮರಳಲ್ಲಿ ಓಡಿ ಎತ್ತಿ ನಿಲ್ಲಿಸ್ಬೇಕು. ನಾಲ್ಕು ಲೈನಿನ ಹ್ಯಾಂಡಲ್ ಕೈಟ್, ನೆಲದ ಮೇಲೆ ಕೈಟ್ ಎಳೆಯೋ ಬಗ್ಗಿ ಗಾಡಿ, ಚಕ್ರದ ಲ್ಯಾಂಡ್‌ಬೋರ್ಡ್ ಓಡಿಸೋರಿಗೆ ಇಷ್ಟ, ಒಳ್ಳೇದೇ, ಆದ್ರೆ ನಾಳೆ ನೀರಲ್ಲಿ ಹಿಡಿಯೋದು ಬಾರ್ ಆಗಿರೋವಾಗ ಇವತ್ತು ಹ್ಯಾಂಡಲ್ ಅಭ್ಯಾಸ ಯಾಕೆ. ಬಾರನ್ನ ಶುರುವಲ್ಲಿ ಎಲ್ರೂ ಸ್ಕೂಟರ್ ಹ್ಯಾಂಡಲ್ ಥರ ತಿರುಗಿಸೋಕೆ ನೋಡ್ತಾರೆ, ಕೈಟ್ ಯಾವ ಕಡೆ ತಿರುಗ್ಬೇಕೋ ಆ ಕಡೆ ಕೈಯನ್ನ ನೇರ ತಮ್ಮ ಕಡೆ ಎಳೀಬೇಕು ಅಂತ ಗೊತ್ತಾಗೋದೇ ಈ ಕೈಟಲ್ಲಿ. ಎಡಗಡೆ ಕೆಂಪು ಬಣ್ಣ ಇರೋ ಬಾರ್ ಆದ್ರೆ ಇನ್ನೂ ವಾಸಿ, ದೊಡ್ಡ ಕೈಟಲ್ಲೂ ಸಾಮಾನ್ಯವಾಗಿ ಹಾಗೇ ಇರುತ್ತೆ.

ಈಗ ಸೈಜ್. ಗಾಳಿಯ ಎಳೆತ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ, ಅಂದ್ರೆ 10 ನಾಟ್ ಇದ್ದಿದ್ದು 14 ಆದ್ರೆ ಎಳೆತ ಹೆಚ್ಚುಕಡಿಮೆ ಎರಡರಷ್ಟು, 20 ಆದ್ರೆ ನಾಲ್ಕರಷ್ಟು. ಅದಕ್ಕೇ ದೊಡ್ಡದು ತಗೊಂಡ್ರೆ ಹೆಚ್ಚು ದಿನ ಬರುತ್ತೆ ಅನ್ನೋ ಲೆಕ್ಕ ಇಲ್ಲಿ ನಡಿಯಲ್ಲ. ಒಂದೇ ತಗೊಳ್ಳೋದಾದ್ರೆ 2ರಿಂದ 2.5 ಚದರ ಮೀಟರ್ ಸಾಕು, 8ರಿಂದ 15 ನಾಟ್‌ವರೆಗೆ, ಅಂದ್ರೆ ಗಂಟೆಗೆ ಸುಮಾರು 15ರಿಂದ 28 ಕಿ.ಮೀ. ಗಾಳಿಗೆ, ದೊಡ್ಡವ್ರಿಗೆ ನಡೆಯುತ್ತೆ. ಚಿಕ್ಕ ಮಕ್ಳಿಗೆ, ತೀರಾ ಹಗುರ ಇರೋರಿಗೆ 1.5. ಮೂರರದ್ದು ಗಾಳಿ ಕಮ್ಮಿ ಇರೋ ದಿನಕ್ಕೆ, ಇಲ್ಲಾ ತೂಕ ಇರೋರಿಗೆ. ಅದನ್ನೇ 50 ಕೆಜಿ ಇರೋರ ಕೈಗೆ 15 ನಾಟಲ್ಲಿ ಕೊಟ್ರೆ ಮರಳ ಮೇಲೆ ಎಳ್ಕೊಂಡು ಹೋಗುತ್ತೆ. ಉದ್ದಕ್ಕೆ ಸಪೂರ ಇರೋ, ಚುರುಕಾಗಿ ತಿರುಗೋ ಕೈಟ್ ನಿಮಗೆ ಮಜಾ ಕೊಡ್ಬಹುದು, ಆದ್ರೆ ಪಾಠಕ್ಕೆ ಅಗಲವಾಗಿ ದಪ್ಪಗಿರೋ, ಸ್ವಲ್ಪ ಮಂದ ಕೈಟೇ ಬೇಕು, ಕಲಿಯೋರು ತಪ್ಪು ಮಾಡಿ ಸರಿ ಮಾಡ್ಕೊಳ್ಳೋಕೆ ಅದು ಟೈಮ್ ಕೊಡುತ್ತೆ. ಗಾಳಿ ಮೀಟರ್ ಒಂದು ಜೇಬಲ್ಲಿರ್ಲಿ.

ಎಲ್ಲಿ ಹೇಳಿಕೊಡ್ತೀರಿ ಅನ್ನೋದೂ ನೋಡ್ಕೊಳ್ಳಿ. ಬೆಂಗಳೂರಿನ ಮೈದಾನಗಳಲ್ಲಿ ಸುತ್ತ ಕಟ್ಟಡ, ಮರ, ಅವನ್ನ ದಾಟಿ ಬರೋ ಗಾಳಿ ಸುಳಿ ಸುಳಿಯಾಗಿರುತ್ತೆ, ಕೈಟ್ ಒಂದ್ಸಲ ಸತ್ತು ಬೀಳುತ್ತೆ, ಮರುಕ್ಷಣ ಜಗ್ಗುತ್ತೆ, ಕಲಿಯೋರು ತಪ್ಪು ತಮ್ದೇ ಅಂದ್ಕೋತಾರೆ. ಪಣಂಬೂರು, ಮಲ್ಪೆ ಕಡೆ ಬೇಸಿಗೆ ಮಧ್ಯಾಹ್ನದ ಕಡಲ ಗಾಳಿ ವಾಸಿ, ಆದ್ರೆ ಗಾಳಿ ಸಮುದ್ರದಿಂದ ಬರೋದ್ರಿಂದ ಕೈಟ್ ಹಾರೋದು ದಡದ ಮೇಲೇ, ಚುರುಮುರಿ ಗಾಡಿ, ಮಕ್ಳು ಎಲ್ಲಾ ಇರೋ ಕಡೆ. ಡೈನೀಮಾ ಅನ್ನೋ ಗಟ್ಟಿ ನಾರಿನ ಆ ತೆಳು ಲೈನ್ ಬಿಗಿಯಾದಾಗ ಚರ್ಮ ಕುಯ್ಯುತ್ತೆ, ಅದಕ್ಕೇ ಜನ ಕಮ್ಮಿ ಇರೋ ಕಡೆ ಹೋಗಿ, ಲೈನ್ ಉದ್ದದ ಎರಡರಷ್ಟು ಜಾಗ ಖಾಲಿ ಇರ್ಲಿ. ಮುಂದೆ ನಿಜವಾದ ಪಾಠಕ್ಕೆ ರಾಮೇಶ್ವರಕ್ಕೆ ಹೋಗೋರಿಗೆ ಅಲ್ಲಿ ಒಂದೇ ಸಮ ಗಾಳಿ ಸಿಗುತ್ತೆ, ನೀರೂ ಮಟ್ಟಸ. ಇಲ್ಲಿ ಬಾರ್ ಅಭ್ಯಾಸ ಆಗಿದ್ರೆ ಅಲ್ಲಿ ದುಡ್ಡು ಕೊಟ್ಟ ಗಂಟೆಗಳು ಉಳಿಯುತ್ತೆ.

ನೀರಲ್ಲೂ ಬಳಸ್ಬೇಕು ಅಂತಿದ್ರೆ ಮಾತ್ರ ಎಚ್‌ಕ್ಯು ಕಂಪನಿಯ ಹೈಡ್ರಾ ಥರ ಬಾಯಿ ಮುಚ್ಚಿದ ಸೆಲ್ (ಕೈಟ್ ಒಳಗೆ ಗಾಳಿ ತುಂಬೋ ಬಟ್ಟೆಯ ಖಾನೆ) ಇರೋದು ನೋಡಿ. ಮಾಮೂಲಿ ತೆರೆದ ಸೆಲ್‌ನದ್ದು ನೀರಿಗೆ ಬಿದ್ರೆ ಒಳಗೆಲ್ಲಾ ನೀರು ತುಂಬ್ಕೊಂಡು ಮೇಲೇಳಲ್ಲ. ದಡದಲ್ಲೇ ಇರ್ತೀರಾದ್ರೆ ಆ ಖರ್ಚು ದಂಡ.

ಸೆಕೆಂಡ್ ಹ್ಯಾಂಡ್ ತಗೊಂಡ್ರೆ ತಪ್ಪೇನಿಲ್ಲ. ಮೂರೂ ಲೈನನ್ನ ಒಂದು ಕಂಬಕ್ಕೆ ಸಿಕ್ಕಿಸಿ ಎಳೆದು ನೋಡಿ, ಎಡ ಬಲದ ಲೈನ್ ಸಮ ಇಲ್ಲಾಂದ್ರೆ ಕೈಟ್ ಒಂದೇ ಕಡೆ ಎಳೆಯುತ್ತೆ. ಲೈನ್ ಮಧ್ಯೆ ಗಂಟಿದ್ರೆ ಅಲ್ಲೇ ತುಂಡಾಗೋದು, ಲೈನ್ ಬದಲಾಯಿಸೋ ದುಡ್ಡು ಕಳೆದು ರೇಟ್ ಮಾತಾಡಿ. ಸೂತ್ರದ ದಾರಗಳು ಬಟ್ಟೆಗೆ ಸೇರೋ ಜಾಗ, ಮುಂದಿನ ಅಂಚಿನ ಹೊಲಿಗೆ, ಇವೆರಡನ್ನ ಬೆರಳಾಡಿಸಿ ನೋಡಿ. ಆಮೇಲೆ ಮಾರೋರ ಎದುರಿಗೇ ಹಾರಿಸಿ ಬಾರ್ ಬಿಡಿ. ಕೈಟ್ ಬಿದ್ದು ಸುಮ್ಮನೆ ಮಲಗ್ಬೇಕು, ಉರುಳಾಡ್ತಾ ಎಳೀತಿದ್ರೆ ಬೇಡ ಅಂತ ವಾಪಸ್ ಕೊಟ್ಬಿಡಿ.

ಇನ್ನೊಂದು, ಟ್ರೇನರ್ ಕೈಟನ್ನ ಹಾರ್ನೆಸ್‌ಗೆ, ಅಂದ್ರೆ ಸೊಂಟಕ್ಕೆ ಕಟ್ಕೊಳ್ಳೋ ಪಟ್ಟಿಗೆ, ಸಿಕ್ಕಿಸೋ ಐಡಿಯಾ ಯಾರಿಗಾದ್ರೂ ಬಂದ್ರೆ ಅಲ್ಲೇ ನಿಲ್ಲಿಸಿ, ಇದರಲ್ಲಿ ಬಾರ್ ದೂರ ತಳ್ಳಿ ಪವರ್ ಕಮ್ಮಿ ಮಾಡೋ ವ್ಯವಸ್ಥೆ ಇಲ್ಲ, ಅದು ದೊಡ್ಡ ಕೈಟಿನ ಪಾಠ. ಕಲಿಯೋರು ಕೈಟ್ ಕಡೆ ನೋಡ್ದೇನೇ, ನಿಮ್ಮ ಜೊತೆ ಮಾತಾಡ್ತಾ, ತಲೆ ನೇರ ಮೇಲೆ ಗಡಿಯಾರದ 12 ಅಂದ್ಕೊಂಡು ಅದನ್ನ 10 ಗಂಟೆ ಜಾಗದಿಂದ 2 ಗಂಟೆ ಜಾಗದವರೆಗೆ ಅತ್ತ ಇತ್ತ ಓಡಾಡಿಸ್ತಿದ್ರೆ, ನೀವು ಬಿಡು ಅಂದ ತಕ್ಷಣ ಯೋಚ್ನೆ ಮಾಡ್ದೇ ಬಿಟ್ರೆ, ಟ್ರೇನರ್ ಮಡಚಿ ಚೀಲಕ್ಕೆ ಹಾಕ್ಬಹುದು.