ಮನೇಲಿ ಮಾಜಾಂಗ್ ಆಡ್ಸ್ಬೇಕಾ? ರಮ್ಮಿ ಬರೋರ್ನ ಕರೀರಿ

ಮೊಬೈಲಲ್ಲಿ ಒಂದೇ ಥರದ ಜೋಡಿ ಹುಡುಕಿ ಒತ್ತಿ ಮಾಯ ಮಾಡ್ತೀವಲ್ಲ, ಅದಲ್ಲ ನಾನು ಹೇಳ್ತಿರೋದು, ಅದು ಒಬ್ರೇ ಕೂತು ಟೈಂಪಾಸ್ ಮಾಡೋದು. ಅಸಲಿ ಮಾಜಾಂಗ್ ನಾಲ್ಕು ಜನ ಸುತ್ತ ಕೂತು ಆಡೋ ಚೀನಾ ಆಟ, ಇಸ್ಪೀಟಲ್ಲಿ ರಮ್ಮಿ ಗೊತ್ತಿದ್ರೆ ಮುಕ್ಕಾಲು ಭಾಗ ಆಗ್ಲೇ ಬಂದಂಗೆ. ನಮ್ ತುಮಕೂರಲ್ಲಿ ರಮ್ಮಿ ಬರೋರಿಗೇನು ಬರ ಇಲ್ಲ ಬಿಡಿ.

ಸೆಟ್ ಆನ್‌ಲೈನಲ್ಲಿ ಸಿಗುತ್ತೆ, ಸಾಮಾನ್ಯವಾಗಿ 144 ಟೈಲ್ಸ್ ಇರುತ್ತೆ. ಟೈಲ್ಸ್ ಬಂತು ಅಂದಿದ್ದಕ್ಕೆ ನಮ್ಮಮ್ಮ ಯಾವ ಬಾತ್‌ರೂಮಿಗೆ ಅಂತ ಕೇಳಿದ್ರು, ಅವತ್ತಿಂದ ನಮ್ಮನೇಲಿ ಅದು ಬಿಲ್ಲೆ. ಮೂಲೇಲಿ 1, 2, 3 ಅಂತ ನಂಬರ್ ಪ್ರಿಂಟಾಗಿರೋ ಸೆಟ್ಟೇ ತಗೊಳಿ. ಇಲ್ಲಾಂದ್ರೆ ಚೀನೀ ಅಕ್ಷರದಲ್ಲಿ ಸಂಖ್ಯೆ ಬರೆದಿರೋ ಬಿಲ್ಲೇಲಿ ಒಂದು ಎರಡು ಮೂರರವರೆಗೆ ಅಡ್ಡಗೆರೆ ಎಣಿಸ್ಬೋದು, ನಾಲ್ಕು ಬಂದ ತಕ್ಷಣ ಎಲ್ರೂ ನಿಮ್ಮ ಮುಖ ನೋಡ್ತಾರೆ. ಬಿದಿರು ಜಾತಿಯ 1ನೇ ಬಿಲ್ಲೆ ಮೇಲೆ ಹೆಚ್ಚಾಗಿ ಬಿದಿರಿರಲ್ಲ, ಹಕ್ಕಿ ಇರುತ್ತೆ, ಇದನ್ನ ಮೊದಲೇ ಹೇಳ್ಬಿಡಿ.

ಟೇಬಲ್ ವಿಷಯದಲ್ಲಿ ನಾನು ಎಡವಿದ್ದೆ. ಆರು ಜನ ಕೂರೋ ಊಟದ ಟೇಬಲ್ ಮೇಲೆ ಹಾಕಿದ್ವಿ, ಆ ತುದಿ ಈ ತುದೀಲಿ ಕೂತೋರಿಗೆ ಕೈ ಎಟುಕ್ದೆ ಪ್ರತಿ ಸಲ ಎದ್ದು ಬಗ್ಗೋದು. ಮೂರಡಿ ಚೌಕದ ಮಡಚೋ ಟೇಬಲ್ ಸಾಕು, ಮೇಲೆ ಹಳೇ ಕಂಬಳಿ ಹಾಸಿ. ಕಂಬಳಿ ಚೆಂದಕ್ಕಲ್ಲ, ಬಿಲ್ಲೆಗಳನ್ನ ಬೋರಲು ಹಾಕಿ ಎರಡೂ ಕೈಲಿ ಕಲೆಸುವಾಗ ಬರೋ ಸದ್ದಿಗೆ ಕೆಳಗಡೆ ಮನೆ ಓನರ್ ಮೇಲೆ ಬರ್ತಾರೆ. ಮಾಜಾಂಗ್‌ನ ಹಳೇ ಚೀನೀ ಹೆಸರಿಗೆ, ಹಾಂಗ್‌ಕಾಂಗ್ ಕಡೆ ಈಗ್ಲೂ ಬರೆಯೋ ಅಕ್ಷರಕ್ಕೆ, ಗುಬ್ಬಚ್ಚಿ ಅಂತಾನೇ ಅರ್ಥ, ಗುಬ್ಬಿ ಕಡೆಯಿಂದ ಬಂದಿದ್ದ ಫ್ರೆಂಡ್ ಒಬ್ಬ ಇದು ನಮ್ಮೂರ ಆಟ ಕಣ್ರೋ ಅಂತ ರಾತ್ರಿಯೆಲ್ಲಾ ಕೊಚ್ಕೊಂಡ.

ಹೂವಿನ 8 ಬಿಲ್ಲೆ ಮೊದಲ ದಿನ ಡಬ್ಬೀಲೇ ಇರ್ಲಿ. ಉಳಿಯೋದು 136. ಬಿದಿರು, ಚುಕ್ಕೆ, ಅಕ್ಷರ ಅಂತ ಮೂರು ಜಾತಿ, ಒಂದೊಂದ್ರಲ್ಲೂ 1ರಿಂದ 9, ಪ್ರತಿಯೊಂದೂ ನಾಲ್ಕು ನಾಲ್ಕು. ಜೊತೆಗೆ ನಾಲ್ಕು ದಿಕ್ಕಿನ ಗಾಳಿ, ಕೆಂಪು ಹಸಿರು ಬಿಳಿ ಡ್ರ್ಯಾಗನ್, ಇವೂ ನಾಲ್ಕು ನಾಲ್ಕೇ. ಒಬ್ಬೊಬ್ರೂ ತಮ್ಮ ಮುಂದೆ 17 ಉದ್ದ, ಎರಡು ಅಂತಸ್ತಿನ ಗೋಡೆ ಕಟ್ಬೇಕು. ಅದ್ರಿಂದ ನಾಲ್ಕು ನಾಲ್ಕಾಗಿ ಮೂರು ಸಲ ತಗೊಂಡು ಆಮೇಲೆ ಒಂದೊಂದು, ಒಟ್ಟು 13. ಪೂರ್ವದಲ್ಲಿ ಕೂತೋರಿಗೆ ಒಂದು ಜಾಸ್ತಿ, ಅವ್ರೇ ಮೊದಲು ಒಂದು ಬಿಸಾಕೋದು. ಆಟ ಬಲಗಡೆಗೆ ಹೋಗುತ್ತೆ.

ನಾಲ್ಕು ಮೂರ್ಮೂರರ ಗುಂಪು, ಒಂದು ಜೋಡಿ, ಒಟ್ಟು 14 ಆದ್ರೆ ಗೆದ್ದಂಗೆ. ಸೀಕ್ವೆನ್ಸ್ (ಒಂದೇ ಜಾತಿಯ 3, 4, 5 ಥರ ಸಾಲಾಗಿರೋದು) ಅಂದ್ರೆ ಚೌ, ಸೆಟ್ ಅಂದ್ರೆ ಪಂಗ್ ಅಂತ ಹೇಳಿದ್ರೆ ರಮ್ಮಿಯವ್ರಿಗೆ ತಲೆಗೆ ಹೋಗುತ್ತೆ, ಆದ್ರೆ ಇಲ್ಲೇ ಎಲ್ರೂ ಮುಗ್ಗರಿಸೋದು, ರಮ್ಮೀಲಿ ಕಳಾವರ್ 7 ಇಸ್ಪೇಟ್ 7 ಸೇರಿಸ್ತೀವಲ್ಲ ಹಂಗೆ ಇಲ್ಲಿ ಬಿದಿರು 7ನ್ನ ಚುಕ್ಕೆ 7ರ ಜೊತೆ ಸೇರ್ಸಂಗಿಲ್ಲ, ಪಂಗ್‌ಗೆ ಮೂರೂ ಅಚ್ಚು ಒಂದೇ ಇರ್ಬೇಕು. ಗಾಳಿಗೂ ಡ್ರ್ಯಾಗನ್‌ಗೂ ಸೀಕ್ವೆನ್ಸ್ ಇಲ್ಲ. ಜೋಕರ್ ಅಂತೂ ಇಲ್ವೇ ಇಲ್ಲ.

ಇನ್ನೊಂದು ಜಗಳದ ಪಾಯಿಂಟ್. ಬಿಸಾಕಿದ ಬಿಲ್ಲೆ ಪಂಗ್‌ಗೆ ಬೇಕಾದ್ರೆ ಯಾರು ಬೇಕಾದ್ರೂ ಕೂಗಿ ತಗೋಬೋದು, ಮಧ್ಯದೋರ ಸರದಿ ಹೋಯ್ತು ಅಷ್ಟೇ. ಚೌಗೆ ಆದ್ರೆ ನಿಮ್ಮ ಎಡಗಡೆಯೋರು ಬಿಸಾಕಿದ್ದು ಮಾತ್ರ. ಇಬ್ರು ಕೂಗಿದ್ರೆ ಪಂಗ್‌ಗೆ ಮೊದಲು, ಅದೇ ಬಿಲ್ಲೇಲಿ ಯಾರಾದ್ರೂ ಆಟ ಮುಗಿಸೋದಾದ್ರೆ ಅವ್ರಿಗೆ ಎಲ್ಲಕ್ಕಿಂತ ಮೊದಲು. ಕೂಗಿ ತಗೊಂಡ ಗುಂಪನ್ನ ಎಲ್ರಿಗೂ ಕಾಣೋ ಹಂಗೆ ಟೇಬಲ್ ಮೇಲಿಡ್ಬೇಕು. ಕಾಂಗ್ ಅಂತ ನಾಲ್ಕರ ಗುಂಪೂ ಇದೆ, ಮೊದಲ ರಾತ್ರಿ ಬಾಯಿ ಬಿಡ್ಬೇಡಿ.

ಇಷ್ಟನ್ನೂ ಭಾಷಣ ಮಾಡಕ್ ಹೋಗ್ಬೇಡಿ, ಹತ್ತು ನಿಮಿಷಕ್ಕೆ ಫೋನ್ ತೆಗೀತಾರೆ. ಮೊದಲನೇ ಆಟ ಎಲ್ರ ಬಿಲ್ಲೇನೂ ಅಂಗಾತ ಇಟ್ಟು, ಯಾರಿಗೆ ಏನು ಬೇಕು ಅಂತ ಎಲ್ರೂ ನೋಡ್ಕೊಂಡು ಮಾತಾಡ್ಕೊಂಡು ಆಡಿ. ಎರಡನೇದ್ರಿಂದ ಮುಚ್ಚಿಡಿ. ಪಾಯಿಂಟ್ ಲೆಕ್ಕ ಪುಸ್ತಕದ ಪ್ರಕಾರ ಹೋದ್ರೆ ಮುಗಿಯೋದಿಲ್ಲ, ನಾವು ಚೌಕಾಬಾರದ ಹುಣಸೆಬೀಜ ತಲಾ 30 ಹಂಚಿ, ಗೆದ್ದೋರಿಗೆ ಎಲ್ರೂ ಒಂದೊಂದು, ಗೆಲ್ಲೋ ಬಿಲ್ಲೆ ಬಿಸಾಕಿ ಕೊಟ್ಟ ಪುಣ್ಯಾತ್ಮ ಎರಡು ಅಂತ ಇಟ್ಕೊಂಡಿದ್ವಿ. ದುಡ್ಡು ಮಾತ್ರ ಇಡ್ಬೇಡಿ, ಫ್ರೆಂಡ್ಸ್ ಫ್ರೆಂಡ್ಸಾಗೇ ಮನೆಗೆ ಹೋಗ್ಲಿ.

ಊಟ ಆಟಕ್ಕೆ ಮುಂಚೆ. ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಪಾರ್ಸೆಲ್ ತಂದ್ರೆ ಅಡುಗೆ ತಾಪತ್ರಯನೇ ಇಲ್ಲ, ಆದ್ರೆ ಬೆಣ್ಣೆ ಕೈಲಿ ಬಿಲ್ಲೆ ಮುಟ್ಟೋ ಮುಂಚೆ ಎಲ್ರನ್ನೂ ಸಿಂಕ್‌ಗೆ ಓಡ್ಸಿ. ಆಡ್ತಾ ಆಡ್ತಾ ಬಾಯಾಡ್ಸಕ್ಕೆ ಕಡ್ಲೆಪುರಿ ಓಕೆ, ಒಗ್ಗರಣೆ ಹಾಕಿದ್ದು ಬೇಡ. ಕಾಫಿ ಲೋಟ ಪಕ್ಕದ ಸ್ಟೂಲ್ ಮೇಲೆ.

ಐದನೇಯವ್ರು ಬಂದ್ರೆ ಬಿಸಾಕಿ ಸೋತೋರು ಎದ್ದು ಜಾಗ ಬಿಡ್ಲಿ, ಕಾಫಿನೂ ಅವ್ರೇ ಮಾಡ್ಲಿ.

ಹೊರಡೋ ಮುಂಚೆ ಬಿಲ್ಲೆ ಎಣಿಸಕ್ ಹೋಗ್ಬೇಡಿ, ಮತ್ತೆ 17ರ ಗೋಡೆ ಕಟ್ಟಿ ನೋಡಿ, ಕಮ್ಮಿ ಇದ್ರೆ ಹಲ್ಲು ಬಿದ್ದಂಗೆ ಕಾಣುತ್ತೆ. ನಮ್ಮದೊಂದು ಕೊನೆಗೆ ಸಿಕ್ಕಿದ್ದು ಪಕ್ಕದ್ಮನೆ ಮಗು ಚಡ್ಡಿ ಜೇಬಲ್ಲಿ, ಅದೂ ಹಕ್ಕಿದು.