ಬೆಳಕಿನ ಸ್ವಿಚ್ಚು ‘ಟಕ್’ ಅನ್ನುವುದನ್ನು ನೋಡುವುದು ಹೇಗೆ?

ಬೆಳಕಿನಿಂದಲೇ ಬೆಳಕನ್ನು ಆನ್–ಆಫ್ ಮಾಡಬಹುದು. 2004ರಲ್ಲಿ ಅಲ್ಮೇಡಾ ಮತ್ತು ಲಿಪ್ಸನ್ ಎಂಬ ವಿಜ್ಞಾನಿಗಳು ಚಿಪ್ಪಿನ ಮೇಲಿನ ಬರೀ 5 ಮೈಕ್ರೊಮೀಟರ್ ತ್ರಿಜ್ಯದ ಸಿಲಿಕಾನ್ ರಿಂಗಿನಲ್ಲಿ ಇದನ್ನು ತೋರಿಸಿದರು. ಅದಕ್ಕೆ 45 ಮೈಕ್ರೊವಾಟ್ ಲೇಸರ್ ಸಾಕಾಯಿತು. ಫೋಟಾನಿಕ್ಸ್ ಲ್ಯಾಬ್ (ಬೆಳಕಿನ ಸಾಧನಗಳ ಪ್ರಯೋಗಾಲಯ) ಸಿಕ್ಕರೆ ನೀವೂ ನೋಡಬಹುದು.

ಮೊದಲು ಚಿಪ್ಪಿನ ತಾಪಮಾನವನ್ನು ಒಂದೇ ಮಟ್ಟದಲ್ಲಿ ನಿಲ್ಲಿಸಿ. ಇದನ್ನು ಬಿಟ್ಟರೆ ಮುಂದಿನದೆಲ್ಲಾ ದಂಡ. ಒಂದು ಡಿಗ್ರಿ ಏರಿದರೂ ರಿಂಗಿನ ತರಂಗಾಂತರ, ಅಂದರೆ ಅದರೊಳಗೆ ನುಗ್ಗಬಲ್ಲ ಬೆಳಕಿನ ತರಂಗಾಂತರ, ಸುಮಾರು 0.08 ನ್ಯಾನೊಮೀಟರ್ ಸರಿಯುತ್ತದೆ.

ಈಗ ಲೇಸರನ್ನು ತೀರಾ ಮಂದವಾಗಿಟ್ಟು, 1550 ನ್ಯಾನೊಮೀಟರ್ ಆಸುಪಾಸಿನಲ್ಲಿ ತರಂಗಾಂತರ ಬದಲಿಸುತ್ತಾ ಹೋಗಿ. ಒಂದು ತರಂಗಾಂತರದಲ್ಲಿ ಚಿಪ್ಪಿನಿಂದ ಹೊರಬರುವ ಬೆಳಕು ಕುಸಿಯುತ್ತದೆ. ಅಲ್ಲಿ ಬೆಳಕು ರಿಂಗಿಗೆ ನುಗ್ಗಿ ಸುತ್ತುತ್ತಿದೆ ಎಂದರ್ಥ. ಗ್ರಾಫಿನಲ್ಲಿ ಕಾಣುವ ಆ ತಗ್ಗು ಒಂದು ಬದಿಗೆ ವಾಲಿದ್ದರೆ ಲೇಸರ್ ಜಾಸ್ತಿಯಾಗಿದೆ, ಇಳಿಸಿ.

ನಂತರ ಲೇಸರಿನ ತರಂಗಾಂತರವನ್ನು ತಗ್ಗಿನಿಂದ ಉದ್ದ ತರಂಗಾಂತರದ ಕಡೆಗೆ, ಹೆಚ್ಚುಕಡಿಮೆ ತಗ್ಗಿನ ಅಗಲದಷ್ಟೇ, ಸರಿಸಿ ನಿಲ್ಲಿಸಿ. ಯಾಕೆ ಆ ಕಡೆಗೇ? ಈ ಬೆಳಕಿನ ಒಂದು ಫೋಟಾನಿನ (ಬೆಳಕಿನ ಕಣದ) ಶಕ್ತಿ 0.8 ಎಲೆಕ್ಟ್ರಾನ್ ವೋಲ್ಟ್. ಸಿಲಿಕಾನ್ ಹೀರಿಕೊಳ್ಳಲು 1.12 ಬೇಕು. ಒಂಟಿ ಫೋಟಾನ್ ಹಾಯ್ದು ಹೋಗುತ್ತದೆ, ಆದರೆ ರಿಂಗಿನ ದಟ್ಟಣೆಯಲ್ಲಿ ಎರಡೆರಡು ಒಟ್ಟಿಗೆ ಸಿಕ್ಕಿಬೀಳುತ್ತವೆ. ರಿಂಗ್ ಬಿಸಿಯಾಗುತ್ತದೆ. ಬಿಸಿಯಾದಂತೆ ಅದರ ತರಂಗಾಂತರ ಉದ್ದವಾಗಿ ಲೇಸರಿನ ಹತ್ತಿರ ಬರುತ್ತದೆ. ಹತ್ತಿರ ಬಂದಷ್ಟೂ ಬೆಳಕು ಜಾಸ್ತಿ ನುಗ್ಗುತ್ತದೆ, ಇನ್ನೂ ಬಿಸಿಯಾಗುತ್ತದೆ. ಇನ್ನೊಂದು ಬದಿಯಲ್ಲಿ ನಿಂತರೆ ಅದು ದೂರ ಓಡುತ್ತದೆ ಅಷ್ಟೇ.

ಈಗ ತರಂಗಾಂತರ ಮುಟ್ಟದೆ, ಲೇಸರಿನ ಶಕ್ತಿಯನ್ನು ನಿಧಾನವಾಗಿ ಏರಿಸಿ. ಒಂದು ಹಂತದಲ್ಲಿ ಹೊರಬರುವ ಬೆಳಕು ಟಕ್ಕನೆ ಬೀಳುತ್ತದೆ. ಇಳಿಸುತ್ತಾ ಬನ್ನಿ. ಬಿದ್ದ ಜಾಗದಲ್ಲೇ ಅದು ಮತ್ತೆ ಏಳುವುದಿಲ್ಲ, ಇನ್ನೂ ಕೆಳಗೆ ಬರಬೇಕು. ಇಸ್ತ್ರಿಪೆಟ್ಟಿಗೆಯ ಥರ್ಮೊಸ್ಟಾಟ್ ಆರಿದ ಬಿಸಿಯಲ್ಲೇ ಮತ್ತೆ ಹತ್ತುವುದಿಲ್ಲ, ಅಲ್ವಾ? ಹಾಗೇ ಇದೂ. ಈ ಎರಡು ಜಾಗಗಳ ನಡುವೆ ಒಂದೇ ಲೇಸರ್ ಮಟ್ಟಕ್ಕೆ ಎರಡು ಉತ್ತರ. ಯಾವುದು ಸಿಗುತ್ತದೆ ಅನ್ನುವುದು ನೀವು ಏರುತ್ತಾ ಬಂದಿರಾ, ಇಳಿಯುತ್ತಾ ಬಂದಿರಾ ಅನ್ನುವುದರ ಮೇಲಿದೆ. ಇದನ್ನೇ ಒಂದು ಬಿಟ್ ಮೆಮೊರಿಯಾಗಿ ಬಳಸಬಹುದು.

ಕಂಡದ್ದು ನಿಜವೇ? ಏರಿಳಿತವನ್ನು ಇನ್ನೂ ನಿಧಾನ ಮಾಡಿ ನೋಡಿ. ಆಗ ಆ ಅಂತರ ಮಾಯವಾದರೆ ಅದು ಬೆಳಕನ್ನು ಅಳೆಯುವ ಡಿಟೆಕ್ಟರಿನ ಸೋಮಾರಿತನ. ಲೇಸರ್ ತೀರಾ ಜೋರಾದರೆ ಬೆಳಕು ತಾನಾಗಿಯೇ ಏರಿಳಿಯತೊಡಗಬಹುದು. ಸಿಲಿಕಾನಿನಲ್ಲಿ ಹುಟ್ಟಿದ ಎಲೆಕ್ಟ್ರಾನುಗಳು ತರಂಗಾಂತರವನ್ನು ಬಿಸಿಗೆ ಎದುರು ದಿಕ್ಕಿಗೆ ಎಳೆಯುವುದರಿಂದ ಆಗುವ ಜಗ್ಗಾಟ ಅದು. ಸ್ವಲ್ಪ ಇಳಿಸಿದರೆ ನಿಲ್ಲುತ್ತದೆ.

‘ನಾಳೆಯ ಕಂಪ್ಯೂಟರ್’ ಅಂತ ಸುಮ್ನೆ ಹಿಗ್ಗಬೇಡಿ. ಬಿಸಿಯ ಆಟ ನಿಧಾನ: 2004ರ ಆ ರಿಂಗ್ ಮುಟ್ಟಿದ್ದು 500 ಕಿಲೊಹರ್ಟ್ಸ್. ಗಿಗಾಹರ್ಟ್ಸ್ ವೇಗ ಬೇಕಿದ್ದರೆ ಆ ಎಲೆಕ್ಟ್ರಾನುಗಳನ್ನೇ ನೆಚ್ಚಿಕೊಳ್ಳಬೇಕು. ಆಗ ಇದೇ ಬಿಸಿ ಶತ್ರು.